ಕಣ್ಣಳತೆಯವರು ಪಾಯಿಂಟು ಹೊಂದಿಸಿದ್ದು

ನಮ್ಮ ಪಕ್ಕದ ಮನೆಯವರನ್ನು ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಕಣ್ಣಳತೆಯವರು’ ಎಂದು. ಅವರು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಹಗಲೆಲ್ಲ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, “ಈಗ ಚೆನ್ನಾಗಿ ಕಾಣುತ್ತೋ, ಆಗ ಚೆನ್ನಾಗಿ ಕಾಣ್ತಿತ್ತೋ?” ಎಂದು ಕೇಳಿ ಕೇಳಿ, ಲೋಕದಲ್ಲಿ ನೆಟ್ಟಗಿರುವ ಕಣ್ಣು ತಮ್ಮದೊಂದೇ ಎಂಬ ತೀರ್ಮಾನಕ್ಕೆ ಬಂದಿದ್ದರು. ಟೇಪು, ಸ್ಕೇಲು, ತಕ್ಕಡಿ ಇವೆಲ್ಲ ಕಣ್ಣು ಸಾಲದವರ ಊರುಗೋಲು ಎಂಬುದು ಅವರ ಮತ. ನಮ್ಮ ಮನೆಗೆ ಬಂದರೆ ಕೂರುವ ಮೊದಲು ಗೋಡೆಯ ಫೋಟೋ ನೋಡಿ, “ಎಡಕ್ಕೆ ಒಂಚೂರು ವಾಲಿದೆ ಇವರೇ” ಎಂದು ಸರಿಪಡಿಸುತ್ತಿದ್ದರು. ಅವರು ಹೊರಟ ಮೇಲೆ ನನ್ನ ಹೆಂಡತಿ ಅದನ್ನು ಮತ್ತೆ ನೆಟ್ಟಗೆ ಮಾಡುತ್ತಿದ್ದಳು.

ಅವರ ಹೆಂಡತಿ ಲೈಬ್ರರಿಯಲ್ಲಿದ್ದರು. ಬೀದಿಗೆಲ್ಲ ಲೈಬ್ರರಿ ಅಕ್ಕ. ಗಂಡ ಅಳತೆ ಹೇಳುವಾಗ ಅಕ್ಕ ಮಾತಾಡುತ್ತಿರಲಿಲ್ಲ. ಮಾತಾಡದವರಿಗೆ ಗೊತ್ತಿರುವುದು ಕಡಿಮೆ ಎಂದು ನಾವೆಲ್ಲ ತಿಳಿದಿದ್ದೆವು. ಆ ವರ್ಷ ಲೈಬ್ರರಿಗೊಂದು ವ್ಯಾನು ಬಂತು. ಒಳಗೆ ಎರಡೂ ಕಡೆ ಕಪಾಟು, ಕಪಾಟಿನ ತುಂಬ ಪುಸ್ತಕ. ಊರಾಚೆಯ ಬಡಾವಣೆಗಳಿಗೆ, ಆಸ್ಪತ್ರೆಯ ವಾರ್ಡುಗಳಿಗೆ, ಕಾರ್ಖಾನೆ ಗೇಟಿಗೆ ಪುಸ್ತಕ ಹೊತ್ತು ಹೋಗುವ ವ್ಯಾನು. ಅದನ್ನು ಕಂಡ ದಿನದಿಂದ ಅಕ್ಕ ನಿದ್ದೆಯಲ್ಲೂ ಸ್ಟೇರಿಂಗ್ ತಿರುಗಿಸುತ್ತಾರೆ ಎಂದು ಗಂಡನೇ ದೂರಿದ್ದರು. ಆದರೆ ವ್ಯಾನು ಬಿಡಲು ಲೈಸೆನ್ಸು ಬೇಕು. ಹಿಂದಿನ ಪರೀಕ್ಷೆಯಲ್ಲಿ ಅಕ್ಕ ಕಂಬಗಳ ನಡುವೆ ರಿವರ್ಸ್ ಬರುವಾಗ ಒಂದು ಕಂಬ ಉರುಳಿಸಿ ಫೇಲಾಗಿದ್ದರು. ಈ ಸೋಮವಾರ ಇನ್ನೊಂದು ಅವಕಾಶ. ಅದೂ ಕೈತಪ್ಪಿದರೆ ವ್ಯಾನು ಮೇಲಧಿಕಾರಿಯ ಷಡ್ಡಕನ ಪಾಲು. ಆತನಿಗೆ ಲೈಸೆನ್ಸು ಇತ್ತು. ಪುಸ್ತಕ ಕಂಡರೆ ಮಾತ್ರ ತಲೆನೋವು ಬರುತ್ತಿತ್ತು.

ಕಾರು ಅಕ್ಕನ ತಾಯಿಯದು. ಆಕೆಯನ್ನು ಬೀದಿಯವರು ದೊಡ್ಡಮ್ಮ ಎನ್ನುತ್ತಿದ್ದರು. ಮಗಳ ಮನೆಗೆ ಬಂದಾಗ ಜೊತೆಗೆ ತಂದದ್ದು ಒಂದು ಟ್ರಂಕು, ಒಂದು ಆರಾಮ ಕುರ್ಚಿ ಮತ್ತು ಈ ಕಾರು. ಹಳೆಯ ಕಾಲದ ಗುಂಡು ಬೆನ್ನಿನ ಗಾಡಿ. ಸ್ಕೂಟರಿನ ಹಾಗೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕಾದ ಜಾತಿಯದು. ಹೊರಟರೆ ನೀಲಿ ಹೊಗೆ, ಅದರ ಹಿಂದೆ ಕೆಮ್ಮುವ ಬೀದಿ. ದೊಡ್ಡಮ್ಮ ಹಗಲೆಲ್ಲ ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿರುತ್ತಿದ್ದುದರಿಂದ ಅವರ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಆ ಕಾರು ಸ್ಟಾರ್ಟಾಗಲಿಲ್ಲ. ಒಮ್ಮೆ ಗೊರಗೊರ ಎಂದಿತು, ಇನ್ನೊಮ್ಮೆ ಸೀನಿತು, ಆಮೇಲೆ ಸುಮ್ಮನಾಯಿತು. ಗ್ಯಾರೇಜಿಗೆ ಫೋನು ಮಾಡಿದರೆ, “ಮಧ್ಯಾಹ್ನದ ಮೇಲೆ ಬರ್ತೀವಿ” ಎಂದರು. ಪರೀಕ್ಷೆ ಮಧ್ಯಾಹ್ನದ ಒಳಗೆ. ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೆಂಡತಿ ಹಾಗೆ ಕೂತದ್ದನ್ನು ಕಣ್ಣಳತೆಯವರಿಗೆ ನೋಡಲಾಗಲಿಲ್ಲ. ತೋಳು ಮಡಚಿದರು.

“ಇದೇನು ದೊಡ್ಡ ವಿಷಯ? ಪಾಯಿಂಟ್ ಅಡ್ಜಸ್ಟ್ ಮಾಡ್ಬೇಕು, ಅಷ್ಟೆ. ನಾನೇ ಮಾಡ್ತೀನಿ.”

‘ನಾನೇ ಮಾಡ್ತೀನಿ’ ಎಂಬ ಮಾತು ನಮ್ಮ ಬೀದಿಯಲ್ಲಿ ಬೆಂಕಿ ಗಂಟೆಯ ಹಾಗೆ ಕೆಲಸ ಮಾಡುತ್ತದೆ. ಮೂಲೆಯಂಗಡಿಯ ದರ್ಜಿ ಕತ್ತರಿ ಕೈಯಲ್ಲಿರುವಂತೆಯೇ ಬಂದ. ಎದುರು ಮನೆಯ ಗಾರ್ಡ್ ತಾತ, ರೈಲ್ವೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಸೀಟಿ ಕೊರಳಿಂದ ಇಳಿಸದವರು, ಬಂದರು. ನಾನು ಬೇಲಿ ದಾಟಿದೆ.

ಎಂಜಿನ್ನಿನ ಪಕ್ಕದಲ್ಲಿ ಕಪ್ಪು ಟೋಪಿ ಹಾಕಿಕೊಂಡು, ತಲೆಯಿಂದ ದಪ್ಪ ದಪ್ಪ ವೈರು ಹೊರಬಿಟ್ಟುಕೊಂಡು ಒಂದು ಗಿಡ್ಡ ವಸ್ತು ಕೂತಿತ್ತು. “ಡಿಸ್ಟ್ರಿಬ್ಯೂಟರ್” ಎಂದರು ಕಣ್ಣಳತೆಯವರು, ನಮಗೆಲ್ಲ ಅದನ್ನು ಪರಿಚಯ ಮಾಡಿಕೊಡುವವರಂತೆ. ಟೋಪಿಯ ಎರಡು ಕ್ಲಿಪ್ಪು ಸಡಿಲಿಸಿ ಮೇಲೆತ್ತಿದರು. ನಾವೆಲ್ಲ ಬಗ್ಗಿ ನೋಡಿದೆವು.

ನಿಜ ಹೇಳುತ್ತೇನೆ, ನನಗೆ ನಂಬಿಕೆಯೇ ಬರಲಿಲ್ಲ. ಇಷ್ಟು ದೊಡ್ಡ ಕಾರು, ಇಷ್ಟು ಜನರನ್ನು ಹೊರುವ ಕಬ್ಬಿಣ. ಅದರ ಪ್ರಾಣ ಇದ್ದದ್ದು ಸಾಸಿವೆ ಕಾಳಿನಷ್ಟು ಎರಡು ಲೋಹದ ಬೊಟ್ಟಿನಲ್ಲಿ. ಕಣ್ಣಳತೆಯವರು ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಿದರೆ ಆ ಎರಡು ಬೊಟ್ಟು ಒಂದನ್ನೊಂದು ಮುಟ್ಟುತ್ತಿದ್ದವು, ಬಿಡುತ್ತಿದ್ದವು, ಮತ್ತೆ ಮುಟ್ಟುತ್ತಿದ್ದವು.

“ಇವೇ ಪಾಯಿಂಟು. ಬಿಟ್ಟಾಗಲೆಲ್ಲ ಎಂಜಿನ್ನೊಳಗೆ ಒಂದು ಕಿಡಿ ಹಾರುತ್ತೆ. ಆ ಕಿಡಿಯಿಂದ ಕಾರು ಓಡುತ್ತೆ” ಎಂದರು.

“ಅಷ್ಟೇ ಅಷ್ಟು?” ದರ್ಜಿ ಮೂಗಿನ ಮೇಲೆ ಬೆರಳಿಟ್ಟ.

“ಅಷ್ಟೇ ಅಷ್ಟು. ಅವು ಬಿಡುವ ಅಂತರ ಕೂದಲೆಳೆಯಷ್ಟು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.”

“ಅದನ್ನ ಅಳೆಯೋಕೆ ಏನೋ ಇರುತ್ತಲ್ಲ ರೀ, ತೆಳ್ಳಗೆ ಉಕ್ಕಿನ ಎಲೆ ಥರದ್ದು?” ಮೆಟ್ಟಿಲ ಮೇಲಿಂದ ಅಕ್ಕ ಕೇಳಿದರು.

ಕಣ್ಣಳತೆಯವರು ಹೆಂಡತಿಯ ಕಡೆ ತಿರುಗಿದರು. ಆ ಮುಖದಲ್ಲಿ ಕೋಪವಿರಲಿಲ್ಲ, ಕರುಣೆಯಿತ್ತು. “ಇರುತ್ತೆ. ಅದು ಬೇರೆಯವರಿಗೆ.”

ಉಗುರು ಉಜ್ಜುವ ಅರದಿಂದ ಬೊಟ್ಟುಗಳ ಕರಿ ತೆಗೆದರು. ಸ್ಕ್ರೂ ತಿರುಗಿಸಲು ಕೈ ಸಿಗಲಿಲ್ಲವೆಂದು ಆ ಗಿಡ್ಡ ವಸ್ತುವಿನ ಕತ್ತಿನ ಬೋಲ್ಟನ್ನು ಸಡಿಲಿಸಿ, ಇಡೀ ತಲೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿ, ಉಸಿರು ಬಿಗಿಹಿಡಿದು ಅಂತರ ಹೊಂದಿಸಿದರು. ನಾವೂ ಉಸಿರು ಬಿಗಿಹಿಡಿದೆವು. ಆಮೇಲೆ ತಲೆಯನ್ನು ಮೊದಲಿದ್ದಲ್ಲಿಗೆ ತಿರುಗಿಸಿ ಬೋಲ್ಟು ಬಿಗಿದರು. ಮೊದಲು ಎಲ್ಲಿತ್ತು ಎಂಬುದನ್ನೂ ಕಣ್ಣಳತೆಯಲ್ಲೇ ನೆನಪಿಟ್ಟಿದ್ದರು. ಆಗ ಇದು ನಮಗೆ ದೊಡ್ಡ ಸಂಗತಿ ಎನಿಸಲಿಲ್ಲ.

“ದೊಡ್ಡಮ್ಮಾ, ನಿಮ್ಮ ಅಳಿಯ ಕಾರಿನ ಹೃದಯಕ್ಕೆ ಕೈ ಹಾಕಿದಾರೆ!” ಗಾರ್ಡ್ ತಾತ ಕೂಗಿದರು.

ದೊಡ್ಡಮ್ಮ ಕಣ್ಣು ತೆರೆಯದೆ, “ಕೈ ತೊಳ್ಕೊಂಡು ಹಾಕಿದಾರೋ?” ಎಂದರು.

ಕಣ್ಣಳತೆಯವರು ಕಾರಿನಲ್ಲಿ ಕೂತು ಕೀ ತಿರುಗಿಸಿದರು. ಬ್ಯಾಟರಿಯ ಬಲ ಅಷ್ಟಕ್ಕಷ್ಟೆ. ಎಂಜಿನ್ನು ಒಲ್ಲದ ಮನಸ್ಸಿನಿಂದ ಒಂದು ಸುತ್ತು ತಿರುಗಿತು, ಒಳಗೆ ಯಾರೋ ಒದ್ದ ಹಾಗೆ ‘ಢಬ್’ ಎಂದಿತು, ಮರುಕ್ಷಣ ಡಬಡಬಡಬ ಎಂದು ಓಡಲು ತೊಡಗಿತು!

ಚಪ್ಪಾಳೆ ಬಿತ್ತು. ದರ್ಜಿ ಕತ್ತರಿಯನ್ನು ಕಂಕುಳಲ್ಲಿ ಸಿಕ್ಕಿಸಿ ಚಪ್ಪಾಳೆ ತಟ್ಟಿದ. ಅಕ್ಕ ಮೆಟ್ಟಿಲಿಂದ ಎದ್ದು ನಿಂತರು. ಅವರ ಕಣ್ಣಲ್ಲಿ ಗಂಡನ ಬಗ್ಗೆ ಮದುವೆಯ ಹೊಸದರಲ್ಲಿ ಇದ್ದಿರಬಹುದಾದ ಒಂದು ಬೆಳಕು ಬಂತು. ಕಣ್ಣಳತೆಯವರು ಕಿಟಕಿಯಿಂದ ನಮ್ಮೆಲ್ಲರಿಗೂ ಕೈಬೀಸಿ, ಗೇಟಿನ ಕಡೆ ನೋಡುತ್ತ, ಒಂದನೇ ಗೇರು ಹಾಕಿ ಕ್ಲಚ್ಚು ಬಿಟ್ಟರು.

ಕಾರು ಹಿಂದಕ್ಕೆ ಹೋಯಿತು.

ಅಂಗಳದ ಹಿಂಭಾಗದಲ್ಲಿ ಬಟ್ಟೆ ಒಣಹಾಕಿದ್ದ ಹಗ್ಗಕ್ಕೆ ಬೆನ್ನು ಕೊಟ್ಟು, ಎರಡು ಹೊದಿಕೆಯನ್ನೂ ದೊಡ್ಡಮ್ಮನ ಒಂದು ಸೀರೆಯನ್ನೂ ಹೊದ್ದುಕೊಂಡು ನಿಂತಿತು.

“ಗೇರು ತಪ್ಪಿತು” ಎಂದರು ಕಣ್ಣಳತೆಯವರು. ಗೇರನ್ನು ನೋಡಿದರು. ಒಂದನೆಯದರಲ್ಲೇ ಇತ್ತು. “ಒಂದನೇದು ಕೆಟ್ಟಿದೆ. ಎರಡನೇದು ಹಾಕ್ತೀನಿ.”

ಎರಡನೆಯದು ಹಾಕಿದರು. ಕಾರು ಹಿಂದಕ್ಕೆ ಹೋಯಿತು, ಇನ್ನೂ ಜೋರಾಗಿ. ನೀರಿನ ಡ್ರಮ್ಮು ಉರುಳಿತು.

ಎಂಜಿನ್ನು ಡಬಡಬ ಎನ್ನುತ್ತಲೇ ಇತ್ತು. ಮೊದಲು ದರ್ಜಿಗೆ ಬಾಯಿ ಬಂತು. “ಗೇರು ಬಾಕ್ಸ್ ಒಳಮಗ್ಗಲು ಹೊರಗಾಗಿದೆ ಸಾರ್. ಅಂಗಿ ಹೊಲಿಯುವಾಗ ನಮಗೂ ಒಂದೊಂದ್ಸಲ ಹಾಗಾಗುತ್ತೆ.”

“ಅಂಗಳ ಇಳಿಜಾರು” ಎಂದೆ ನಾನು. ಅಂಗಳ ಇಳಿಜಾರಿದ್ದದ್ದು ಗೇಟಿನ ಕಡೆಗೆ.

ಗಾರ್ಡ್ ತಾತ ಒಬ್ಬರಿಗೇ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. “ನನ್ನ ಸರ್ವಿಸ್ ಪೂರ್ತಿ ಕೊನೇ ಡಬ್ಬಿಯಲ್ಲಿ ಹಿಂದಕ್ಕೆ ನೋಡ್ಕೊಂಡೇ ಹೋದೋನು ನಾನು. ಗಾಡಿ ಎತ್ತ ಹೋದ್ರೇನಪ್ಪ, ಟೈಮಿಗೆ ಹೋದ್ರೆ ಸಾಕು.”

“ಬೇಕಂತ ಹೀಗೆ ಮಾಡಿದ್ರಾ ಸಾರ್?” ದರ್ಜಿಯ ದನಿಯಲ್ಲಿ ಭಕ್ತಿಯಿತ್ತು.

ಕಣ್ಣಳತೆಯವರು ಹೊದಿಕೆಯ ಅಂಚನ್ನು ಕಿಟಕಿಯಿಂದ ಸರಿಸಿದರು. “ಬೇಕಂತ ಅಂದ್ರೆ… ಬೇಡ ಅಂತೇನೂ ಮಾಡ್ಲಿಲ್ಲ.”

ಆಗ ದೊಡ್ಡಮ್ಮ ಕುರ್ಚಿಯಿಂದ ಎದ್ದರು. ಅವರು ಎದ್ದದ್ದೇ ಒಂದು ಘಟನೆ. ನಾವು ದಾರಿ ಬಿಟ್ಟೆವು. ಕಾರಿನ ಹತ್ತಿರ ಬಂದು, ತಮ್ಮ ಸೀರೆಯನ್ನು ಅದರ ಬೆನ್ನಿಂದ ಎಳೆದುಕೊಂಡು, ಕಿವಿಯನ್ನು ಬಾನೆಟ್ಟಿನ ಕಡೆ ಒಂದಿಷ್ಟು ವಾಲಿಸಿದರು.

“ಅಳಿಯಂದಿರೇ, ಎಂಜಿನ್ನು ಉಲ್ಟಾ ತಿರುಗ್ತಾ ಇದೆ.”

“ಎಂಜಿನ್ನು ಉಲ್ಟಾ ತಿರುಗೋದು ಅಂತ ಇರುತ್ತಾ ಅತ್ತೆ?”

“ಬೇರೆ ಕಾರಿಗೆ ಇರಲ್ಲ. ಈ ಜಾತಿಗೆ ಇರುತ್ತೆ. ಕಿಡಿ ಹೊತ್ತು ತಪ್ಪಿ ಬಂದ್ರೆ ಎದ್ದ ಕಡೆಗೆ ಓಡಿಬಿಡುತ್ತೆ. ಇದಕ್ಕೆ ಆ ಕಡೆ ಈ ಕಡೆ ಎರಡೂ ಒಂದೇ. ನಿಮ್ಮ ಮಾವನೂ ಮದುವೆಯಾದ ಹೊಸದರಲ್ಲಿ ಒಂದ್ಸಲ ಹೀಗೇ ಹೊಂದಿಸಿದ್ರು. ನಮ್ಮಮ್ಮನ ಮನೆಗೆ ಹೊರಟೋರು ಹಿಂದಿನ ಬೀದಿಯ ಹೋಟೆಲಿನ ಒಳಗೆ ಹೋಗಿ ಇಳಿದ್ವಿ.” ಕಾರಿನೊಳಗೆ ಬೆರಳು ತೋರಿಸಿದರು. “ಆ ಕೆಂಪು ದೀಪ ನೋಡಿ. ಸ್ಟಾರ್ಟಾದ ಮೇಲೆ ಅದು ಆರಿದ್ರೆ ನೆಟ್ಟಗೆ ಓಡ್ತಿದೆ ಅಂತ. ಉರಿಯುತ್ತಲೇ ಇದ್ರೆ ಉಲ್ಟಾ.”

ದೀಪ ನಿಶ್ಚಿಂತೆಯಿಂದ ಉರಿಯುತ್ತಿತ್ತು.

ನಾವೆಲ್ಲ ಆ ಕೆಂಪು ಚುಕ್ಕೆಯನ್ನು ನೋಡಿದೆವು, ದೊಡ್ಡಮ್ಮನನ್ನು ನೋಡಿದೆವು. ಇಷ್ಟು ದಿನ ಆ ಆರಾಮ ಕುರ್ಚಿಯಲ್ಲಿ ಇಂಥದ್ದೊಂದು ತಲೆ ಒರಗಿಕೊಂಡಿತ್ತು ಎಂಬುದು ನಮಗೆ ಗೊತ್ತೇ ಇರಲಿಲ್ಲ.

“ಹಾಗಾದ್ರೆ ಮುಚ್ಚಳ ತೆಗೆದು ಇನ್ನೊಂದ್ಸಲ…” ಕಣ್ಣಳತೆಯವರು ಸ್ಕ್ರೂಡ್ರೈವರಿಗೆ ಕೈ ಚಾಚಿದರು.

“ಮುಟ್ಟಬೇಡಿ!” ಎಂದರು ಅಕ್ಕ.

ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಈಗ ಯಾರೂ ಏನೂ ಮುಚ್ಚಳ ತೆಗೀಬಾರದು. ಮತ್ತೆ ಸ್ಟಾರ್ಟೇ ಆಗದಿದ್ರೆ? ಇಳೀರಿ ನೀವು. ಒಂದನೇ ಗೇರು ಹಾಕಿದ್ರೆ ಹಿಂದಕ್ಕೆ ಹೋಗುತ್ತೆ ಅಂದ್ರೆ, ರಿವರ್ಸ್ ಹಾಕಿದ್ರೆ ಮುಂದಕ್ಕೆ ಹೋಗ್ಲೇಬೇಕಲ್ಲ?”

ಇಷ್ಟು ಸರಳವಾದ ಮಾತು ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಅಕ್ಕ ಸ್ಟೇರಿಂಗ್ ಹಿಡಿದರು. ರಿವರ್ಸ್ ಗೇರು ಹಾಕಿದರು. ಕಾರು ರಾಜಗಾಂಭೀರ್ಯದಿಂದ ಮುಂದಕ್ಕೆ ಹೊರಟಿತು. ಗಾರ್ಡ್ ತಾತ ತಡೆಯಲಾರದೆ ಸೀಟಿ ಊದಿದರು.

ದಾರಿಯಲ್ಲಿ ತಳ್ಳಬೇಕಾದರೆ ಒಂದು ಆಳು ಇರಲಿ ಎಂದು ನನ್ನನ್ನೂ ಹಿಂದಿನ ಸೀಟಿಗೆ ತುಂಬಿದರು. ಪಕ್ಕದಲ್ಲಿ ದೊಡ್ಡಮ್ಮ. ಮುಂದೆ ಹೆಂಡತಿಯ ಪಕ್ಕ ಕಣ್ಣಳತೆಯವರು, ಮಡಿಲಲ್ಲಿ ಕೈ ಇಟ್ಟುಕೊಂಡು, ಶಾಲೆಗೆ ಮೊದಲ ದಿನ ಹೊರಟವರಂತೆ. ಮುಂದಕ್ಕೆ ಹೋಗಲು ಇದ್ದದ್ದು ಒಂದೇ ಗೇರು, ಅದೂ ಹಿಂದಕ್ಕೆ ಹೋಗಲೆಂದು ಮಾಡಿದ್ದು. ಹಾಗಾಗಿ ಎಂಜಿನ್ನು ಆಕಾಶಕ್ಕೆ ಕೇಳುವಂತೆ ಅರಚುತ್ತಿತ್ತು, ಕಾರು ಮಾತ್ರ ಸೈಕಲ್ಲುಗಳಿಗೂ ದಾರಿ ಬಿಡುತ್ತ ಸಾಗುತ್ತಿತ್ತು. ತಳ್ಳುಗಾಡಿಯವನೊಬ್ಬ ನಮ್ಮನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ, ಮರುಕದಿಂದ ತಲೆಯಾಡಿಸಿದ.

ದೊಡ್ಡ ಚೌಕದಲ್ಲಿ ಟ್ರಾಫಿಕ್ ಪೊಲೀಸಿನವರು ಕೈ ಅಡ್ಡ ಹಿಡಿದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕಿಟಕಿಗೆ ಬಂದರು.

“ಹಿಂದೆ ಬಿಳಿ ದೀಪ ಉರೀತಿದೆ. ರಿವರ್ಸ್ ಗೇರಿನಲ್ಲಿದ್ದೀರಾ?”

“ಹೌದು ಸರ್” ಎಂದರು ಅಕ್ಕ.

“ಹಿಂದಕ್ಕೆ ಹೋಗ್ಬೇಕಾ?”

“ಇಲ್ಲ ಸರ್, ಮುಂದಕ್ಕೆ.”

“ಮುಂದಕ್ಕೆ ಹೋಗೋಕೆ ರಿವರ್ಸ್ ಯಾಕೆ ಹಾಕಿದ್ದೀರಿ?”

“ಬೇರೆ ಗೇರು ಹಾಕಿದ್ರೆ ಹಿಂದಕ್ಕೆ ಹೋಗುತ್ತೆ ಸರ್.”

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ನನ್ನ ಕಡೆ ನೋಡಿದರು; ನಾನು ಹೌದೆಂದು ತಲೆಯಾಡಿಸಿದೆ. ಕಣ್ಣಳತೆಯವರು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ, “ಪಾಯಿಂಟ್ ಅಡ್ಜಸ್ಟ್ ಮಾಡಿದಾರೆ ಕಣಪ್ಪ, ನಮ್ಮ ಅಳಿಯಂದಿರು” ಎಂದರು. ಅದರಲ್ಲಿ ಎಲ್ಲ ಅಡಗಿತ್ತು. ಪೊಲೀಸಿನವರು ಕಣ್ಣಳತೆಯವರನ್ನು ಬಹಳ ಹೊತ್ತು ನೋಡಿ, ಎಲ್ಲ ಕಡೆಯ ವಾಹನಗಳನ್ನೂ ನಿಲ್ಲಿಸಿ, ಮಂತ್ರಿಗಳ ಗಾಡಿಗೆ ಬಿಡುವ ಹಾಗೆ ನಮಗೆ ದಾರಿ ಬಿಟ್ಟರು. ಚೌಕ ದಾಟುವವರೆಗೂ ಅವರ ಟೋಪಿ ಕೈಯಲ್ಲೇ ಇತ್ತು.

ಪರೀಕ್ಷೆಯ ಮೈದಾನದಲ್ಲಿ ಸಾಲು ನಿಂತಿತ್ತು. ಅಲ್ಲಿನ ಇನ್ಸ್‌ಪೆಕ್ಟರು ನಕ್ಕದ್ದನ್ನು ಕಂಡವರಿಲ್ಲ. ಬಿಳಿ ಪ್ಯಾಂಟು, ಕಪ್ಪು ಬೂಟು, ಬಾಯಿ ತೆರೆಯುವ ಮೊದಲೇ ‘ಫೇಲ್’ ಎಂದಂತೆ ಕಾಣುವ ಮೀಸೆ. ಮೈದಾನದ ಒಂದು ಬದಿಗೆ ಕಂಬಗಳ ಎರಡು ಸಾಲು, ಇಕ್ಕಟ್ಟಾದ ಓಣಿಯ ಹಾಗೆ. ಆ ಕಂಬಗಳನ್ನು ಅವರು ಪ್ರತಿ ಬೆಳಿಗ್ಗೆ ತಾವೇ ಕೈಯಾರೆ ನೆಡುತ್ತಾರೆ ಎಂದು ನಮ್ಮ ಹಿಂದೆ ನಿಂತಿದ್ದ ದಪ್ಪನೆಯ ಬೇಕರಿಯವರು ಪಿಸುಗುಟ್ಟಿದರು. ಬೇಕರಿಯವರ ಕಾರು ಹೊಚ್ಚ ಹೊಸದು.

ಅಕ್ಕನ ಸರದಿ ಬಂತು. ಎಂಜಿನ್ನು ಆರಿಸಿರಲಿಲ್ಲ, ಆರಿಸುವ ಧೈರ್ಯ ಯಾರಿಗಿತ್ತು? ಇನ್ಸ್‌ಪೆಕ್ಟರು ಬಾಗಿಲು ತೆರೆಯುವ ಮೊದಲೇ ಅಕ್ಕ ಇಳಿದು ಎದುರಿಗೆ ನಿಂತರು.

“ಸರ್, ಮೊದಲೇ ಹೇಳಿಬಿಡ್ತೀನಿ. ಈ ಕಾರಿನ ಎಂಜಿನ್ನು ಇವತ್ತು ಉಲ್ಟಾ ತಿರುಗ್ತಿದೆ. ಮುಂದಿನ ಗೇರು ಹಾಕಿದ್ರೆ ಹಿಂದಕ್ಕೆ ಹೋಗುತ್ತೆ, ರಿವರ್ಸ್ ಹಾಕಿದ್ರೆ ಮುಂದಕ್ಕೆ.”

ಕಣ್ಣಳತೆಯವರು ತಲೆ ಮೇಲೆ ಕೈ ಹೊತ್ತರು. “ಹೇಳ್ಬೇಕಿತ್ತಾ ಇವಳು!”

“ಏನಮ್ಮಾ, ಹಿಂದಿನ ಸಲ ಕಂಬ ಬೀಳಿಸಿದೋರು ನೀವೇ ಅಲ್ವಾ?” ಇನ್ಸ್‌ಪೆಕ್ಟರು ಮೀಸೆ ಸವರಿದರು. “ಬ್ರೇಕ್ ಹಿಡೀಲಿಲ್ಲ, ಚಪ್ಪಲಿ ಜಾರಿತು, ಕಣ್ಣಿಗೆ ಬಿಸಿಲು ಬಿತ್ತು… ನನ್ನ ಸರ್ವಿಸ್‌ನಲ್ಲಿ ಎಲ್ಲ ನೆಪ ಕೇಳಿದ್ದೀನಿ. ಎಂಜಿನ್ನು ಉಲ್ಟಾ ತಿರುಗುತ್ತೆ ಅಂತ ಮಾತ್ರ ಯಾರೂ ಅಂದಿರ್ಲಿಲ್ಲ. ಸರೀರಿ, ನಾನೇ ನೋಡ್ತೀನಿ.”

ಕೂತರು. ಕನ್ನಡಿ ಸರಿಮಾಡಿಕೊಂಡರು. ಎರಡೂ ಕೈ ಸ್ಟೇರಿಂಗ್ ಮೇಲೆ ಹೇಗಿರಬೇಕೋ ಹಾಗೆ ಇಟ್ಟರು. ಸಾಲಿನಲ್ಲಿದ್ದವರಿಗೆಲ್ಲ, “ನೋಡ್ಕೊಳ್ಳಿ, ಹೀಗೆ ಹೊರಡ್ಬೇಕು” ಎಂದರು. ಒಂದನೇ ಗೇರು ಹಾಕಿದರು.

ಕಾರು ಹಿಂದಕ್ಕೆ ಹಾರಿತು. ಬೆನ್ನ ಹಿಂದೆಯೇ ಕಂಬಗಳಿದ್ದವು. ಟಪ, ಟಪ, ಟಪ ಎಂದು ಒಂದು ಸಾಲು ಪೂರ್ತಿ ಮಲಗಿತು. ಗಾಬರಿಗೆ ಅವರು ಗೇರು ಬದಲಿಸಿದರು, ಎರಡನೆಯದಕ್ಕೆ. ಇನ್ನೊಂದು ಸಾಲೂ ಮಲಗಿತು. ಕೊನೆಯ ಕಂಬದ ಮೇಲೆ ಹತ್ತಿ ನಿಂತು ಎಂಜಿನ್ನು ಆರಿಹೋಯಿತು.

ಇನ್ಸ್‌ಪೆಕ್ಟರು ಇಳಿದರು. ಮಲಗಿದ್ದ ಕಂಬಗಳನ್ನು ನೋಡಿದರು. ಅವರ ಮೀಸೆ ಒಂದು ಕಡೆ ಕೆಳಗಾಗಿತ್ತು.

“ಇದನ್ನ ಮಾಡಿದ್ದು ಯಾರು?”

ಅಕ್ಕ, ದೊಡ್ಡಮ್ಮ, ನಾನು ಮೂವರೂ ಕಣ್ಣಳತೆಯವರ ಕಡೆ ತಿರುಗಿದೆವು.

“ನಾನಲ್ಲ ಸರ್” ಎಂದರು ಕಣ್ಣಳತೆಯವರು ಕ್ಷೀಣವಾಗಿ. “ನನ್ನ ಕಣ್ಣು.”

ಇನ್ಸ್‌ಪೆಕ್ಟರು ಕಾರನ್ನು ಕಂಬಗಳಿಂದಾಚೆ ತಳ್ಳಿಸಿದರು. ಒಂದೊಂದೇ ಕಂಬವನ್ನು ಎತ್ತಿ ನಿಲ್ಲಿಸಿದರು. ಕಣ್ಣಳತೆಯವರು ಓಡಿಹೋಗಿ ಜೊತೆಗೂಡಿದರು. ಒಂದು ಕಂಬ ಎಡಕ್ಕೆ ಒಂಚೂರು ವಾಲಿದೆ ಎಂದು ಹೇಳಹೊರಟು, ಬಾಯಿ ಮುಚ್ಚಿಕೊಂಡರು. ಕೆಲಸ ಮುಗಿದ ಮೇಲೆ ಇನ್ಸ್‌ಪೆಕ್ಟರು ಬಿಳಿ ಪ್ಯಾಂಟಿನ ಧೂಳು ಒರೆಸಿಕೊಂಡು ಅಕ್ಕನ ಪಕ್ಕದ ಸೀಟಿನಲ್ಲಿ ಕೂತರು.

“ಸ್ಟಾರ್ಟ್ ಮಾಡಮ್ಮ” ಎಂದರು. ದನಿ ಸ್ವಲ್ಪ ತಗ್ಗಿತ್ತು.

ನಾವು ಮೂವರು ಬೇಲಿಯ ಹತ್ತಿರ ನಿಂತಿದ್ದೆವು. ಕಣ್ಣಳತೆಯವರು ನನ್ನ ಮೊಣಕೈ ಹಿಡಿದಿದ್ದರು. ಎಂಜಿನ್ನು ತಿರುಗಿತು, ‘ಢಬ್’ ಎಂದಿತು, ಓಡಿತು. ಈಗ ಎತ್ತ ಕಡೆ? ಹೊರಗೆ ನಿಂತವರಿಗೆ ಗೊತ್ತಾಗುವ ಹಾಗಿರಲಿಲ್ಲ. ಒಳಗೆ ಅಕ್ಕ ತಲೆ ಬಗ್ಗಿಸಿ ಕೆಂಪು ದೀಪ ನೋಡಿದ್ದು ಕಂಡಿತು. ಕೈ ರಿವರ್ಸ್ ಗೇರಿಗೆ ಹೋಯಿತು.

“ಉಲ್ಟಾ” ಎಂದರು ದೊಡ್ಡಮ್ಮ ತೃಪ್ತಿಯಿಂದ.

ಕಾರು ಮುಂದಕ್ಕೆ ಹೊರಟಿತು. ನೆಲದ ಮೇಲೆ ಸುಣ್ಣದಲ್ಲಿ ಬರೆದಿದ್ದ ಎಂಟರ ಸುತ್ತನ್ನು, ಗೆರೆ ತುಳಿಯದೆ, ಪೂರ್ತಿ ಮಾಡಿತು. ಹಿಂದಿನ ಬಿಳಿ ದೀಪ ಉದ್ದಕ್ಕೂ ಉರಿಯುತ್ತಿತ್ತು. ಸಾಲಿನಲ್ಲಿದ್ದವರು ಎದ್ದು ನಿಂತರು. ಇನ್ಸ್‌ಪೆಕ್ಟರು ಕಿಟಕಿಯಿಂದ ತಲೆ ಹೊರಹಾಕಿ ಒಮ್ಮೆ ಚಕ್ರ ನೋಡಿದರು, ಒಮ್ಮೆ ಆಕಾಶ ನೋಡಿದರು.

ಈಗ ಕಂಬಗಳ ಓಣಿ. ಹಿಂದಿನ ಸಲ ಅಕ್ಕನನ್ನು ಕೆಡವಿದ್ದು ಅದೇ. ಕಣ್ಣಳತೆಯವರ ಹಿಡಿತಕ್ಕೆ ನನ್ನ ಮೊಣಕೈ ಮರಗಟ್ಟಿತು. ಅಕ್ಕ ಕತ್ತು ಹಿಂದಕ್ಕೆ ತಿರುಗಿಸಿ, ಒಂದನೇ ಗೇರು ಹಾಕಿ, ಹಿಂದುಹಿಂದಾಗಿ ಓಣಿಯನ್ನು ಹೊಕ್ಕರು. ಸೂಜಿಯಲ್ಲಿ ದಾರ ಹೊಕ್ಕ ಹಾಗೆ. ಅರ್ಧ ದಾರಿ ಬಂದಿತ್ತು, ಎಂಜಿನ್ನು ಕೆಮ್ಮಿ ಆರಿತು.

“ಅಯ್ಯೋ” ಎಂದರು ಬೇಕರಿಯವರು, ತಮ್ಮದೇ ಕಾರು ಎಂಬಂತೆ.

ಅಕ್ಕ ಕೀ ತಿರುಗಿಸಿದರು. ಎಂಜಿನ್ನು ಓಡಿತು. ಕಿಟಕಿ ತೆರೆದಿದ್ದುದರಿಂದ ಒಳಗಿನ ಮಾತೆಲ್ಲ ಮೈದಾನಕ್ಕೆ ಕೇಳಿತು. ಇನ್ಸ್‌ಪೆಕ್ಟರಿಗೆ ಈಗ ವಿದ್ಯೆ ಬಂದಿತ್ತು. ತಾವೇ ಕಂಡುಹಿಡಿದವರಂತೆ ಹೇಳಿದರು:

“ಹಾಂ, ಒಂದನೇ ಗೇರು ಹಾಕಿ. ಹಿಂದಕ್ಕೆ ಹೋಗೋಣ.”

“ಇಲ್ಲ ಸರ್. ರಿವರ್ಸ್ ಹಾಕ್ತೀನಿ.”

“ಅಲ್ಲಮ್ಮಾ! ಈಗ ತಾನೇ ಒಂದನೇ ಗೇರೇ ರಿವರ್ಸ್ ಅಂದ್ರಿ!”

“ಆಗ ಒಂದನೇದು ರಿವರ್ಸ್ ಸರ್. ಈಗ ದೀಪ ಆರಿದೆ. ಈಗ ರಿವರ್ಸೇ ರಿವರ್ಸ್.”

ಇನ್ಸ್‌ಪೆಕ್ಟರು ಎರಡೂ ಕೈಯಿಂದ ಸೀಟು ಹಿಡಿದುಕೊಂಡು ಕಣ್ಣು ಮುಚ್ಚಿದರು. ಕಾರು ಅದೇ ಗೆರೆಯಲ್ಲಿ, ಅದೇ ನಿಧಾನದಲ್ಲಿ, ಏನೂ ಆಗಿಲ್ಲವೆಂಬಂತೆ ಹಿಂದಕ್ಕೆ ಸರಿಯಿತು. ಕಂಬಗಳು ಒಂದೊಂದಾಗಿ ಅದರ ಎರಡೂ ಪಕ್ಕದಿಂದ ಹಾದು ಮುಂದೆ ಬಂದು ನಿಂತವು. ಒಂದೂ ಅಲುಗಲಿಲ್ಲ. ಬಾಲ, ನಡು, ಮೂತಿ ಎಲ್ಲ ಹೊರಬಂದ ಮೇಲೆ ಅಕ್ಕ ಬ್ರೇಕು ಹಿಡಿದು, ಸೆರಗಿನಿಂದ ಹಣೆ ಒರೆಸಿಕೊಂಡರು.

ಗದ್ದಲವೆಂದರೆ ಗದ್ದಲ! ಸಾಲಿನಲ್ಲಿದ್ದವರು, ಗೇಟಿನ ಕಾವಲುಗಾರ, ಚಹಾ ಮಾರುವವರು ಎಲ್ಲ ಚಪ್ಪಾಳೆ ತಟ್ಟಿದರು. ಕಣ್ಣಳತೆಯವರು ಮಾತ್ರ ತಟ್ಟಲಿಲ್ಲ. ನನ್ನ ಮೊಣಕೈ ಬಿಟ್ಟು, ಬೇಲಿಗೆ ಒರಗಿ, ತಮ್ಮ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ನಿಂತರು.

“ಇವರೇ” ಎಂದರು ನನಗೆ, ಮೆಲ್ಲಗೆ. “ಆ ಕಂಬಕ್ಕೂ ಕಾರಿಗೂ ನಡುವೆ ಎಷ್ಟು ಜಾಗ ಇತ್ತು, ನೋಡಿದ್ರಾ?”

“ನೀವು ಹೇಳ್ಬೇಕು ಅದನ್ನ.”

“ನನಗೆ ಕಾಣ್ಲಿಲ್ಲ. ನಿಜವಾಗಿಯೂ ಕಾಣ್ಲಿಲ್ಲ. ಅವಳಿಗೆ ಹೇಗೆ ಕಾಣ್ತು?”

ಇನ್ಸ್‌ಪೆಕ್ಟರು ಕಾರಿನಿಂದ ಇಳಿದರು. ಬಗ್ಗಿ ಕಾರಿನ ಹೊಟ್ಟೆ ನೋಡಿದರು. ಎದ್ದು ನಿಂತು, “ಪಾಸ್” ಎಂದರು. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿ, ಕೈ ಕಟ್ಟಿಕೊಂಡು ಕೇಳಿದರು:

“ಅಮ್ಮಾ, ಇನ್ನೊಂದ್ಸಲ ತೋರಿಸ್ತೀರಾ? ಪರೀಕ್ಷೆಗಲ್ಲ. ನಾನು ಕಣ್ಣು ಮುಚ್ಚಿಬಿಟ್ಟಿದ್ದೆ.”

ಅಕ್ಕ ಇನ್ನೊಂದು ಸಲ ತೋರಿಸಿದರು. ಆಗ ಬೇಕರಿಯವರು ಬೆವರಿನಲ್ಲಿ ತೊಯ್ದು ಮುಂದೆ ಬಂದು, “ಸರ್, ನಮ್ಮದು ಬರೀ ಮುಂದಕ್ಕೆ ಮುಂದಕ್ಕೆ, ಹಿಂದಕ್ಕೆ ಹಿಂದಕ್ಕೆ ಹೋಗೋ ಗಾಡಿ. ನಡೆಯುತ್ತಾ?” ಎಂದರು.

ಇನ್ಸ್‌ಪೆಕ್ಟರು ಅವರ ಹೊಸ ಕಾರನ್ನು ತಾತ್ಸಾರದಿಂದ ನೋಡಿ, “ಏನ್ಮಾಡೋದು, ತನ್ನಿ” ಎಂದರು.

ಸುದ್ದಿ ನಮಗಿಂತ ಮೊದಲೇ ಬೀದಿ ಮುಟ್ಟಿತ್ತು. ಸಂಜೆ ಪಕ್ಕದ ಮನೆಯ ಅಂಗಳದಲ್ಲಿ ದೊಡ್ಡಮ್ಮ ತಮ್ಮ ಟ್ರಂಕಿನಿಂದ ತೆಳ್ಳನೆಯ ಉಕ್ಕಿನ ಎಲೆಗಳ ಒಂದು ಪುಟ್ಟ ಕಟ್ಟು ತೆಗೆದು ಮಗಳ ಕೈಗೆ ಕೊಟ್ಟರು. ಅಕ್ಕ ಆ ಗಿಡ್ಡ ವಸ್ತುವಿನ ಟೋಪಿ ಎತ್ತಿ, ಆ ಎರಡು ಬೊಟ್ಟುಗಳ ನಡುವೆ ಎಲೆ ತೂರಿಸಿ, ಅದು ಬಿಗಿಯೂ ಆಗದೆ ಸಡಿಲವೂ ಆಗದೆ ಜಾರುವವರೆಗೆ ಸ್ಕ್ರೂ ಹೊಂದಿಸಿದರು. ಆಮೇಲೆ ದೊಡ್ಡಮ್ಮ ಎಂಜಿನ್ನಿನ ಮೇಲೆ ತೋರಿಸಿದ ಸಣ್ಣ ಗೀರಿಗೆ ಸರಿಯಾಗಿ ಡಿಸ್ಟ್ರಿಬ್ಯೂಟರಿನ ತಲೆಯನ್ನು ತಿರುಗಿಸಿ ಬಿಗಿದರು. ಕಣ್ಣಳತೆಯವರು ಟಾರ್ಚು ಹಿಡಿದಿದ್ದರು. “ಇತ್ತ ಹಿಡೀರಿ” ಎಂದರೆ ಇತ್ತ ಹಿಡಿದರು, “ಸ್ವಲ್ಪ ಮೇಲೆ” ಎಂದರೆ ಸ್ವಲ್ಪ ಮೇಲೆ.

ಕೆಲಸ ಮುಗಿಯುವ ಹೊತ್ತಿಗೆ ಇಡೀ ಬೀದಿ ಅಲ್ಲಿ ನೆರೆದಿತ್ತು. ಹಿಂದುಹಿಂದಾಗಿ ಓಡುವ ಕಾರನ್ನು ನೋಡಲು ಪಕ್ಕದ ಬೀದಿಯವರೂ ಬಂದಿದ್ದರು. ದರ್ಜಿ ಅಂಗಡಿಯಿಂದ ಸ್ಟೂಲು ತಂದಿದ್ದ. ಗಾರ್ಡ್ ತಾತ ಇಸ್ತ್ರಿ ಹಾಕಿದ ಅಂಗಿಯಲ್ಲಿದ್ದರು.

ಅಕ್ಕ ಕೂತು ಕೀ ತಿರುಗಿಸಿದರು. ಎಂಜಿನ್ನು ಒದೆಯದೆ, ಸೀನದೆ, ಹಗುರವಾಗಿ ಓಡಿತು. ಕೆಂಪು ದೀಪ ಆರಿತು. ಒಂದನೇ ಗೇರು ಹಾಕಿದರು.

ಕಾರು ಮುಂದಕ್ಕೆ ಹೋಯಿತು. ಗೇಟು ದಾಟಿತು, ಬೀದಿಗಿಳಿಯಿತು, ಎರಡನೇ ಗೇರಿಗೆ ಬದಲಾಗಿ ತಿರುವಿನ ಕಡೆ ಸಾಗಿತು.

“ಇಷ್ಟೇನಾ?” ಎಂದ ದರ್ಜಿ. “ಇದನ್ನ ನೋಡೋಕೆ ಅಂಗಡಿ ಮುಚ್ಕೊಂಡು ಬಂದ್ನಲ್ಲ!” ಪಕ್ಕದ ಬೀದಿಯವರು, ಮೋಸ ಹೋದವರಂತೆ ಗೊಣಗುತ್ತ ಚದುರಿದರು. ಗಾರ್ಡ್ ತಾತ ಊದಬೇಕೆಂದು ತುಟಿಗಿಟ್ಟಿದ್ದ ಸೀಟಿಯನ್ನು ಮತ್ತೆ ಕೆಳಗಿಳಿಸಿದರು.

ಕಣ್ಣಳತೆಯವರೊಬ್ಬರು ಉರಿಯುವ ಟಾರ್ಚು ಹಿಡಿದುಕೊಂಡು, ಬಾಯಿ ತೆರೆದು ನಿಂತೇ ಇದ್ದರು.

“ನೋಡಿದ್ರಾ ಇವರೇ? ಒಂದನೇ ಗೇರು ಹಾಕಿದ್ಳು, ಮುಂದಕ್ಕೆ ಹೋಯ್ತು!” ಎಂದರು. “ಮುಂದಕ್ಕೆ!”

ನಾನು ಬೀದಿಯ ಕಡೆ ತಿರುಗಿದೆ. ತಿರುವಿನಲ್ಲಿ ನೀಲಿ ಹೊಗೆ ಇನ್ನೂ ತೇಲುತ್ತಿತ್ತು. ಕಾರೊಂದು ಮುಂದಕ್ಕೆ ಹೋಗುವುದನ್ನು ಹುಟ್ಟಿದಂದಿನಿಂದ ನೋಡಿದವನು ನಾನು. ಆದರೂ ಆಗ ಮೈಯೆಲ್ಲ ಜುಮ್ಮೆಂದಿತು.